ಎರಡು ಕಿಟಕಿಯ ಹಳೆ ಕ್ಯಾಮೆರಾಕ್ಕೆ ನಿಜವಾಗಿಯೂ ಕೋಟಿ ರೂಪಾಯಿ ಸಿಗುತ್ತದೆಯೇ?

"ನಿಮ್ಮ ಮನೆಯಲ್ಲಿ ಮುಂಭಾಗದಲ್ಲಿ ಎರಡು ಕಿಟಕಿ ಇರುವ ಹಳೆಯ ಕ್ಯಾಮೆರಾ ಇದೆಯಾ? ಎಸೆಯಬೇಡಿ! ಇಂಥದ್ದೇ ಒಂದು ಕ್ಯಾಮೆರಾ ವಿದೇಶದಲ್ಲಿ 100 ಕೋಟಿಗೆ ಮಾರಾಟವಾಗಿದೆ. ಹಿಂಬದಿ ಮುಚ್ಚಳ ತೆರೆದು, ಒಳಗಿನ ನಂಬರ್ ಮತ್ತು ಲೆನ್ಸಿನ ಫೋಟೋ ತೆಗೆದು ಈ ನಂಬರಿಗೆ ಕಳಿಸಿ. ಹತ್ತು ಜನರಿಗೆ ಶೇರ್ ಮಾಡಿ."

ನಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಇಂಥ ಮೆಸೇಜ್ ಬಂದ ದಿನವೇ ಬೈಲಹೊಂಗಲದ ನಮ್ಮ ಕಾಕಾ ಅಟ್ಟದ ಮೇಲಿನ ಟ್ರಂಕ್ ಇಳಿಸಿದರು. ಅದರಲ್ಲಿ ಅಜ್ಜನ ಯಾಶಿಕಾ ಇತ್ತು. ಮುಂದೆ ಎರಡು ಕಿಟಕಿಯೂ ಇದ್ದವು. ಹೇಳಿದಂತೆ ಮುಚ್ಚಳ ತೆರೆದರು, ಫೋಟೋ ಕಳಿಸಿದರು. "ಇದಕ್ಕೆ 18 ಲಕ್ಷ ಬರುತ್ತದೆ, ನೋಂದಣಿಗೆ 2,150 ರೂಪಾಯಿ ಹಾಕಿ" ಎಂಬ ಉತ್ತರ ಬಂತು. ಹಾಕಿದರು. ಮರುದಿನ ತೆರಿಗೆಯ ಹೆಸರಿನಲ್ಲಿ ಇನ್ನೂ 9,000 ಕೇಳಿದಾಗ ನನಗೆ ಫೋನ್ ಮಾಡಿದರು: "ತಂಗಿ, ಇದು ಖರೇ ಐತೋ ಸುಳ್ಳೋ, ಸ್ವಲ್ಪ ನೋಡಿ ಹೇಳು."

ಸುಳ್ಳು. ಆದರೆ ಆ 2,150 ರೂಪಾಯಿಗಿಂತ ದೊಡ್ಡ ನಷ್ಟ ಅದಾಗಲೇ ಆಗಿಹೋಗಿತ್ತು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಮೆಸೇಜಿನಲ್ಲಿ ಇರುವ ಒಂದೊಂದೇ ಮಾತನ್ನು ಪರಿಶೀಲಿಸೋಣ.

ಚಿಕ್ಕ ಉತ್ತರ

ಎರಡು ಕಿಟಕಿ ಇದ್ದ ಮಾತ್ರಕ್ಕೆ ಕ್ಯಾಮೆರಾಕ್ಕೆ ಲಕ್ಷ, ಕೋಟಿ ಬರುವುದಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಸಿಗುವ ಹಳೆಯ ಕ್ಯಾಮೆರಾಗಳಲ್ಲಿ ಹೆಚ್ಚಿನವು ಲಕ್ಷಗಟ್ಟಲೆ ತಯಾರಾದ ಮಾದರಿಗಳು. ಸುಸ್ಥಿತಿಯಲ್ಲಿದ್ದರೆ ಕೆಲವು ಸಾವಿರ ರೂಪಾಯಿ ಸಿಗಬಹುದು. ಆದರೆ ಅದರೊಳಗೆ ಉಳಿದಿರಬಹುದಾದ ಫಿಲ್ಮ್ ರೋಲ್ ಮತ್ತು ಅದರ ಜೊತೆಗಿನ ನೆಗೆಟಿವ್‌ಗಳಿಗೆ ಬೆಲೆ ಕಟ್ಟಲಾಗದು. ಆದ್ದರಿಂದ ಮುಚ್ಚಳ ತೆರೆಯುವ ಮುನ್ನ ಈ ಲೇಖನ ಓದಿ.

ಆ ಎರಡು ಕಿಟಕಿ ಯಾಕೆ ಇವೆ?

ಒಂದು ಬೆರಳನ್ನು ಮುಖದ ಮುಂದೆ ಹಿಡಿಯಿರಿ. ಎಡಗಣ್ಣು ಮುಚ್ಚಿ ನೋಡಿ, ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಅತ್ತಿತ್ತ ಜಿಗಿದಂತೆ ಕಾಣುತ್ತದೆ. ಬೆರಳು ಹತ್ತಿರವಿದ್ದರೆ ಜಿಗಿತ ಹೆಚ್ಚು, ದೂರ ಒಯ್ದರೆ ಕಡಿಮೆ. ಅಂದರೆ ಎಷ್ಟು ಜಿಗಿಯಿತು ಎಂಬುದನ್ನು ಅಳೆದರೆ ವಸ್ತು ಎಷ್ಟು ದೂರದಲ್ಲಿದೆ ಎಂದು ಹೇಳಬಹುದು.

ರೇಂಜ್‌ಫೈಂಡರ್ ಕ್ಯಾಮೆರಾ ಮಾಡುವುದು ಇದನ್ನೇ. ಅದರ ಎರಡು ಕಿಟಕಿಗಳು ಎರಡು ಕಣ್ಣುಗಳಿದ್ದಂತೆ. ದೊಡ್ಡ ಕಿಟಕಿಯಿಂದ ನೀವು ದೃಶ್ಯ ನೋಡುತ್ತೀರಿ. ಸಣ್ಣ ಕಿಟಕಿಯಿಂದ ಬಂದ ಅದೇ ದೃಶ್ಯವನ್ನು ಒಳಗಿನ ಕನ್ನಡಿ ತಂದು ಮೊದಲನೆಯದರ ನಡುಭಾಗದ ಮೇಲೆ ಕೂಡಿಸುತ್ತದೆ. ಹೀಗಾಗಿ ನಡುವಿನ ಸಣ್ಣ ಚೌಕದಲ್ಲಿ ಎಲ್ಲವೂ ಎರಡೆರಡಾಗಿ ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸುತ್ತ ಹೋದಂತೆ ಎರಡು ಚಿತ್ರಗಳು ಹತ್ತಿರ ಬರುತ್ತವೆ. ಅವು ಒಂದಾದ ಕ್ಷಣ ಫೋಕಸ್ ಸರಿಯಾಗಿದೆ ಎಂದರ್ಥ.

ನಿಮ್ಮ ಕೈಯಲ್ಲಿರುವ ಫೋನಿಗೂ ಈ ಲೆಕ್ಕ ಹೊಸದಲ್ಲ. ಎರಡು ಕ್ಯಾಮೆರಾ ಇರುವ ಹಲವು ಫೋನ್‌ಗಳು ಪೋರ್ಟ್ರೇಟ್ ಮೋಡ್‌ನಲ್ಲಿ ಹಿನ್ನೆಲೆ ಮಸುಕು ಮಾಡುವಾಗ ಎರಡು ಚಿತ್ರಗಳ ವ್ಯತ್ಯಾಸದಿಂದಲೇ ಯಾವುದು ಹತ್ತಿರ, ಯಾವುದು ದೂರ ಎಂದು ಅಂದಾಜಿಸುತ್ತವೆ.

ನಮ್ಮ ಮನೆಯಲ್ಲಿ ಇರುವುದು ಯಾವುದು?

ಹಳೆಯ ಕ್ಯಾಮೆರಾ ಎಲ್ಲವೂ ರೇಂಜ್‌ಫೈಂಡರ್ ಅಲ್ಲ. ಗುರುತಿಸುವುದು ಸುಲಭ.

• ಡಬ್ಬಿಯಂತಿದ್ದು, ಫೋಕಸ್ ಮಾಡುವ ಕೆಲಸವೇ ಇಲ್ಲದಿದ್ದರೆ ಅದು ಬಾಕ್ಸ್ ಕ್ಯಾಮೆರಾ. ನಮ್ಮಲ್ಲಿ ಬಹಳ ಪ್ರಸಿದ್ಧವಾಗಿದ್ದ ಆಗ್ಫಾ ಕ್ಲಿಕ್ 3 ಬರೋಡಾದಲ್ಲಿ ತಯಾರಾಗುತ್ತಿತ್ತು. ಒಂದು ರೋಲಿಗೆ 12 ಚೌಕಾಕಾರದ ಚಿತ್ರಗಳು.

• ಒಂದರ ಮೇಲೊಂದು ಎರಡು ದೊಡ್ಡ ಲೆನ್ಸ್ ಇದ್ದು, ಮೇಲಿನಿಂದ ಬಗ್ಗಿ ನೋಡುವಂತಿದ್ದರೆ ಅದು ಟ್ವಿನ್ ಲೆನ್ಸ್ ಕ್ಯಾಮೆರಾ. ಹಳೆಯ ಸ್ಟುಡಿಯೊಗಳಲ್ಲಿ ಹೆಚ್ಚಾಗಿ ಇರುತ್ತಿತ್ತು.

• ನೆತ್ತಿಯ ಮೇಲೆ ಗುಡ್ಡದಂಥ ಉಬ್ಬು ಇದ್ದು, ಲೆನ್ಸಿನ ಮೂಲಕವೇ ದೃಶ್ಯ ಕಾಣುತ್ತಿದ್ದರೆ ಅದು ಎಸ್‌ಎಲ್‌ಆರ್.

• ಪಕ್ಕದಲ್ಲೇ ಫ್ಲ್ಯಾಶ್ ಕೂಡಿಸಿದ, 1980–90ರ ದಶಕದ ಮದುವೆ ಮನೆಗಳಲ್ಲಿ ಕಾಣುತ್ತಿದ್ದ ಯಾಶಿಕಾ ಎಂಎಫ್ 2ನಂಥವು ಸರಳ ಕ್ಯಾಮೆರಾಗಳು. ಮುಂದೆ ಒಂದಕ್ಕಿಂತ ಹೆಚ್ಚು ಗಾಜು ಕಂಡರೂ ಇವುಗಳಲ್ಲಿ ಎರಡು ಚಿತ್ರ ಕೂಡಿಸುವ ವ್ಯವಸ್ಥೆ ಇಲ್ಲ.

• ಒಳಗೆ ಕಣ್ಣಿಟ್ಟು ನೋಡಿದಾಗ ನಡುವೆ ಎರಡೆರಡಾಗಿ ಕಾಣುವ ಚೌಕ ಇದ್ದು, ಲೆನ್ಸ್ ತಿರುಗಿಸಿದರೆ ಅದು ಸರಿದರೆ ಮಾತ್ರ ಅದು ರೇಂಜ್‌ಫೈಂಡರ್.

ನಮ್ಮ ಅಜ್ಜನದು ಯಾಶಿಕಾ ಎಲೆಕ್ಟ್ರೊ 35 ಸಾಲಿನ ಜಿಎಸ್‌ಎನ್ ಮಾದರಿ. ಈ ಸಾಲು 1960ರ ದಶಕದಲ್ಲಿ ಶುರುವಾಯಿತು, ಜಿಎಸ್‌ಎನ್ 1973ರಲ್ಲಿ ಬಂತು. ಇದರ 45 ಮಿಲಿಮೀಟರ್ ಲೆನ್ಸ್ ಇವತ್ತಿಗೂ ಮೆಚ್ಚುಗೆ ಪಡೆಯುತ್ತದೆ. ಒಳ್ಳೆಯ ಕ್ಯಾಮೆರಾ ಹೌದು, ಅಪರೂಪದ್ದು ಅಲ್ಲ.

ನೂರು ಕೋಟಿಯ ಕಥೆ ಎಲ್ಲಿಂದ ಬಂತು?

ಫಾರ್ವರ್ಡ್‌ಗಳ ಜಾಣತನ ಇರುವುದೇ ಇಲ್ಲಿ. ಒಂದು ನಿಜದ ತುಣುಕಿಗೆ ಹತ್ತು ಸುಳ್ಳು ಹೊಲಿದಿರುತ್ತಾರೆ. ಜರ್ಮನಿಯ ವೆಟ್ಸ್ಲಾರ್‌ನಲ್ಲಿ 2022ರ ಜೂನ್‌ನಲ್ಲಿ ನಡೆದ ಹರಾಜಿನಲ್ಲಿ ಒಂದು ಲೈಕಾ ಕ್ಯಾಮೆರಾ 1 ಕೋಟಿ 44 ಲಕ್ಷ ಯೂರೊಗೆ ಮಾರಾಟವಾಗಿದ್ದು ನಿಜ. ನಮ್ಮ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಹೆಚ್ಚು.

ಆದರೆ ಅದು ಎಂಥ ಕ್ಯಾಮೆರಾ? ಲೈಕಾ ಮಾರುಕಟ್ಟೆಗೆ ಬಂದದ್ದು 1925ರಲ್ಲಿ. ಅದಕ್ಕೂ ಮೊದಲು, 1923ರ ಸುಮಾರಿಗೆ, ಪರೀಕ್ಷೆಗೆಂದು ಸುಮಾರು ಇಪ್ಪತ್ತಮೂರು ಕ್ಯಾಮೆರಾ ಮಾಡಿದ್ದರು. ಮಾರಾಟವಾದದ್ದು ಅವುಗಳಲ್ಲಿ 105ನೇ ಸಂಖ್ಯೆಯದು. ಲೈಕಾವನ್ನು ರೂಪಿಸಿದ ಆಸ್ಕರ್ ಬರ್ನಾಕ್ ಸ್ವತಃ ಬಳಸಿದ್ದು. ಹೀಗಾಗಿ ಅಷ್ಟು ಬೆಲೆ.

ಇನ್ನೊಂದು ಸ್ವಾರಸ್ಯ ನೋಡಿ. ಆ ನೂರು ಕೋಟಿಯ ಕ್ಯಾಮೆರಾದಲ್ಲಿ ರೇಂಜ್‌ಫೈಂಡರ್ ಇರಲೇ ಇಲ್ಲ! ಲೆನ್ಸಿಗೆ ಜೋಡಿಸಿದ ರೇಂಜ್‌ಫೈಂಡರ್ ಲೈಕಾದಲ್ಲಿ ಬಂದದ್ದು 1932ರ ಲೈಕಾ 2 ಮಾದರಿಯಲ್ಲಿ. ಅಂದರೆ "ಎರಡು ಕಿಟಕಿ ಇದ್ದರೆ ನೂರು ಕೋಟಿ" ಎಂಬ ಮಾತು ತನ್ನ ಉದಾಹರಣೆಯಲ್ಲೇ ಬಿದ್ದುಹೋಗುತ್ತದೆ.

ಹೀಗೆ ವರ್ಷ ಹಿಡಿದು ತಾಳೆ ನೋಡುವುದು ಫಾರ್ವರ್ಡ್ ಪರೀಕ್ಷಿಸುವ ಒಳ್ಳೆಯ ದಾರಿ. ನಮ್ಮ ಊರಿನದೇ ಉದಾಹರಣೆ ತೆಗೆದುಕೊಳ್ಳಿ. ಬೈಲಹೊಂಗಲದಲ್ಲಿ ಸಮಾಧಿ ಇರುವ ಕಿತ್ತೂರು ರಾಣಿ ಚೆನ್ನಮ್ಮ ತೀರಿಕೊಂಡದ್ದು 1829ರಲ್ಲಿ. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಛಾಯಾಗ್ರಹಣದ ವಿಧಾನವನ್ನು ಪ್ಯಾರಿಸ್‌ನಲ್ಲಿ ಲೋಕಕ್ಕೆ ಪ್ರಕಟಿಸಿದ್ದು 1839ರಲ್ಲಿ. ಹಾಗಾದರೆ "ಚೆನ್ನಮ್ಮನ ಅಪರೂಪದ ಅಸಲಿ ಫೋಟೋ" ಎಂದು ಯಾರಾದರೂ ಕಳಿಸಿದರೆ ಏನೆಂದು ಉತ್ತರಿಸಬೇಕು ಎಂಬುದು ನಿಮಗೇ ಗೊತ್ತಾಯಿತಲ್ಲ.

"ಲೈಕಾ" ಎಂದು ಬರೆದಿದ್ದರೆ?

ಬರೆದದ್ದೆಲ್ಲ ಲೈಕಾ ಅಲ್ಲ. 1934ರಿಂದ ಸೋವಿಯತ್ ಒಕ್ಕೂಟದ ಖಾರ್ಕಿವ್‌ನಲ್ಲಿ ಲೈಕಾ 2ರ ಮಾದರಿಯನ್ನೇ ನೋಡಿ ಫೆಡ್ ಎಂಬ ಕ್ಯಾಮೆರಾ ತಯಾರಿಸತೊಡಗಿದರು. ಎರಡನೇ ಮಹಾಯುದ್ಧದ ನಂತರ ಮಾಸ್ಕೋ ಹತ್ತಿರದ ಕಾರ್ಖಾನೆಯಿಂದ ಝೋರ್ಕಿ ಬಂತು. ಇವು ತಮ್ಮದೇ ಹೆಸರಿನಲ್ಲಿ ಮಾರಾಟವಾದ, ಜನ ಮನಸಾರೆ ಬಳಸಿದ ಕ್ಯಾಮೆರಾಗಳು. ಮೋಸ ಶುರುವಾದದ್ದು ಆಮೇಲೆ. ಇವುಗಳ ಮೇಲಿನ ಹೆಸರು ಉಜ್ಜಿ, "ಲೈಕಾ" ಎಂದು ಕೆತ್ತಿ, ಕೆಲವಕ್ಕೆ ಬಂಗಾರದ ಬಣ್ಣ ಬಳಿದು, ಹಿಟ್ಲರ್ ಕಾಲದ ಜರ್ಮನ್ ಸೇನೆಯ ಮುದ್ರೆಯನ್ನೋ 1936ರ ಬರ್ಲಿನ್ ಒಲಿಂಪಿಕ್ಸ್ ಗುರುತನ್ನೋ ಹಾಕಿ ಮಾರಿದರು. ಇಂಥವು ಇಂದಿಗೂ ಜಗತ್ತಿನೆಲ್ಲೆಡೆ ಓಡಾಡುತ್ತಿವೆ.

ಪರೀಕ್ಷೆ ಹೀಗೆ: ಲೆನ್ಸ್ ತಿರುಗಿಸಿ ಬಿಚ್ಚಿ, ಒಳಗೆ ಮೇಲ್ಭಾಗದಲ್ಲಿ ನೋಡಿ. ಲೆನ್ಸಿನ ಚಲನೆಯನ್ನು ರೇಂಜ್‌ಫೈಂಡರಿಗೆ ಮುಟ್ಟಿಸುವ ಸಣ್ಣ ಸನ್ನೆ ಕಾಣುತ್ತದೆ. ಅಸಲಿ ಲೈಕಾದಲ್ಲಿ ಅದರ ತುದಿಗೆ ಉರುಳುವ ದುಂಡನೆಯ ಪುಟ್ಟ ಗಾಲಿ ಇರುತ್ತದೆ. ಫೆಡ್ ಮತ್ತು ಝೋರ್ಕಿಯಲ್ಲಿ ಗಾಲಿಯ ಬದಲು ಚೂಪಾದ ತುದಿಯ ಲೋಹದ ತುಂಡು ಇರುತ್ತದೆ. ಹೊರಗಿನ ಹೆಸರು ಬದಲಿಸುವುದು ಸುಲಭ, ಈ ಗಾಲಿ ಹಾಕುವ ಕಷ್ಟವನ್ನು ನಕಲಿ ಮಾಡುವವರು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಬಂಗಾರದ ಹೊಳಪು, ಸ್ವಸ್ತಿಕ, ಹದ್ದಿನ ಮುದ್ರೆ ಕಂಡರೆ ಮೊದಲು ಅನುಮಾನಿಸಿ.

ಮೋಸ ಹೇಗೆ ನಡೆಯುತ್ತದೆ?

ಕಾಕಾಗೆ ಆದದ್ದು ಹಳೆಯ ನಾಣ್ಯಗಳ ವಿಷಯದಲ್ಲಿ ನಡೆಯುವ ಮೋಸದ ಅಚ್ಚು. "ನಿಮ್ಮಲ್ಲಿ ಈ ನಾಣ್ಯ ಇದ್ದರೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ" ಎನ್ನುವವರ ಬಗ್ಗೆ 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ನೀಡಿತ್ತು. ತನ್ನ ಹೆಸರು ಬಳಸಿ ಯಾರೂ ಶುಲ್ಕ, ಕಮಿಷನ್ ವಸೂಲು ಮಾಡುವಂತಿಲ್ಲ ಎಂದು ಅದು ಹೇಳಿತ್ತು. ನಾಣ್ಯದ ಜಾಗದಲ್ಲಿ ಈಗ ಕ್ಯಾಮೆರಾ ಕೂತಿದೆ, ಅಷ್ಟೇ.

ಒಂದು ಮಾತು ನೆನಪಿಡಿ: ನಿಮ್ಮ ವಸ್ತು ಕೊಳ್ಳುವವರು ನಿಮಗೆ ದುಡ್ಡು ಕೊಡಬೇಕೇ ಹೊರತು ನಿಮ್ಮಿಂದ ಇಸಿದುಕೊಳ್ಳಬಾರದು. ಈಗಾಗಲೇ ಹಣ ಹಾಕಿದ್ದರೆ ನಾಚಿಕೆ ಬೇಡ, ತಡ ಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ಹಣಕಾಸು ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ಹೇಳುತ್ತೀರೋ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು. ನಮ್ಮ ಕಾಕಾ ಎರಡು ದಿನ ಯಾರಿಗೂ ಹೇಳದೆ ಕೂತಿದ್ದರು.

ಲೆನ್ಸಿನಲ್ಲಿ ವಿಕಿರಣ ಇದೆಯೇ?

"ಹಳೆ ಲೆನ್ಸ್ ಮುಟ್ಟಿದರೆ ಕ್ಯಾನ್ಸರ್" ಎಂಬುದು ಇನ್ನೊಂದು ಹೆದರಿಕೆ. ಇಲ್ಲೂ ನಿಜದ ಎಳೆ ಇದೆ. 1940ರ ದಶಕದಿಂದ 1970ರ ದಶಕದವರೆಗೆ ಕೆಲವು ಕಂಪನಿಗಳು ಕೆಲವು ಲೆನ್ಸ್‌ಗಳ ಗಾಜಿಗೆ ಥೋರಿಯಂ ಆಕ್ಸೈಡ್ ಬೆರೆಸಿದ್ದವು. ಅದರಿಂದ ಗಾಜು ಬೆಳಕನ್ನು ಹೆಚ್ಚು ಬಾಗಿಸುತ್ತಿತ್ತು, ಬಣ್ಣಗಳು ಚೆದುರುವುದು ಕಡಿಮೆಯಾಗುತ್ತಿತ್ತು. ಥೋರಿಯಂ ವಿಕಿರಣ ಸೂಸುವ ಧಾತು. ಇಂಥ ಗಾಜು ವರ್ಷಗಳು ಕಳೆದಂತೆ ಚಹಾದ ಬಣ್ಣಕ್ಕೆ ತಿರುಗುತ್ತದೆ.

ಜಾತ್ರೆ, ಮದುವೆಗಳಲ್ಲಿ ಉರಿಯುತ್ತಿದ್ದ ಪೆಟ್ರೋಮ್ಯಾಕ್ಸ್ ನೆನಪಿದೆಯೇ? ಅದರ ಮ್ಯಾಂಟಲ್‌ಗೂ ಥೋರಿಯಂ ಹಾಕುತ್ತಿದ್ದರು. ಲೆನ್ಸಿನಲ್ಲಿ ಅದು ಗಾಜಿನೊಳಗೇ ಸೆರೆಯಾಗಿರುತ್ತದೆ. ಸಾಮಾನ್ಯವಾಗಿ ಕ್ಯಾಮೆರಾ ಬಳಸುವುದರಿಂದ ಭಯಪಡುವಷ್ಟು ಅಪಾಯವಿಲ್ಲ. ಆದರೆ ಆ ಲೆನ್ಸನ್ನು ಒಡೆಯಬೇಡಿ, ಉಜ್ಜಿ ಪುಡಿ ಮಾಡಬೇಡಿ, ಭೂತಗನ್ನಡಿಯಂತೆ ಗಂಟೆಗಟ್ಟಲೆ ಕಣ್ಣಿಗೆ ಹಿಡಿಯಬೇಡಿ. "ಥೋರಿಯಂ ಇದೆ, ಕೋಟಿ ಬರುತ್ತದೆ" ಎಂಬುದು ಶುದ್ಧ ಸುಳ್ಳು. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೆಯ ಹೊಲಿಗೆ ಯಂತ್ರಗಳೊಳಗೆ "ಕೆಂಪು ಪಾದರಸ" ಇದೆ ಎಂಬ ವದಂತಿ ಹಬ್ಬಿ ಜನ ಮುಗಿಬಿದ್ದು ಕೊಂಡಿದ್ದರು. ಇದೂ ಅದೇ ಜಾತಿಯದು.

ನಿಜವಾಗಿ ಎಚ್ಚರ ಬೇಕಾದದ್ದು ಬ್ಯಾಟರಿ ಡಬ್ಬಿಯ ಬಗ್ಗೆ. 1960–70ರ ದಶಕದ ಹಲವು ಕ್ಯಾಮೆರಾಗಳಿಗೆ ಪಾದರಸದ ಸೆಲ್ ಹಾಕುತ್ತಿದ್ದರು. ಪಾದರಸ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದವನ್ನು ಭಾರತವೂ 2018ರಲ್ಲಿ ಅನುಮೋದಿಸಿದೆ, ಆ ಸೆಲ್‌ಗಳು ಈಗ ತಯಾರಾಗುವುದಿಲ್ಲ. ಒಳಗೆ ಹಳೆಯ ಸೆಲ್ ಸೋರಿದ್ದರೆ ಕೈಗವಸು ಹಾಕಿ ತೆಗೆಯಿರಿ, ಮಕ್ಕಳ ಕೈಗೆ ಕೊಡಬೇಡಿ, ಒಲೆಗೆ ಎಸೆಯಲೇಬೇಡಿ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಬೂಸು ಹಿಡಿದರೆ?

ಲೆನ್ಸಿನೊಳಗೆ ಜೇಡರ ಬಲೆಯಂತೆ ಕಂಡರೆ ಅದು ಬೂಸು. ತೇವ ಮತ್ತು ಕತ್ತಲೆ ಅದಕ್ಕೆ ಇಷ್ಟ. ಮಲೆನಾಡಿನ ಅಂಚಿಗಿರುವ ಕಿತ್ತೂರಿನ ಕಡೆ ಮಳೆಗಾಲದ ತೇವದಿಂದ ಈ ಕಾಟ ಹೆಚ್ಚು. ಬಯಲುಸೀಮೆಯ ರಾಮದುರ್ಗ, ಸವದತ್ತಿ ಕಡೆ ಧೂಳು ಮತ್ತು ಬಿಸಿಲಿಗೆ ಒಣಗಿ ಗಟ್ಟಿಯಾದ ಗ್ರೀಸ್ ತೊಂದರೆ ಕೊಡುತ್ತದೆ. ಬೂಸಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆ ಇರುವುದರಿಂದ ಒಂದು ಲೆನ್ಸ್ ಮುಟ್ಟಿದ ಕೂಡಲೇ ಇನ್ನೊಂದಕ್ಕೆ ರೋಗ ಅಂಟುತ್ತದೆ ಎಂದೇನಿಲ್ಲ. ಒಣ ಜಾಗದಲ್ಲಿ ಇಡುವುದೇ ಮದ್ದು.

ಚರ್ಮದ ಚೀಲ ತೇವ ಹಿಡಿದಿಡುತ್ತದೆ, ಆದ್ದರಿಂದ ಕ್ಯಾಮೆರಾವನ್ನು ಅದರಿಂದ ಹೊರತೆಗೆದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ವಿಡಿಯೊ ನಂಬಬೇಡಿ. ಅದು ಲೆನ್ಸಿನ ಮೇಲಿನ ತೆಳು ಲೇಪನವನ್ನು ಕೆರೆದುಹಾಕುತ್ತದೆ.

ಮುಚ್ಚಳ ತೆರೆಯುವ ಮುನ್ನ

ಈಗ ಆ ದೊಡ್ಡ ನಷ್ಟದ ವಿಷಯ. ಕಾಕಾ ಮುಚ್ಚಳ ತೆರೆದಾಗ ಒಳಗೆ ರೋಲ್ ಇತ್ತು. ಅಜ್ಜ ಮುಗಿಸದೇ ಬಿಟ್ಟುಹೋದ ಕಪ್ಪು-ಬಿಳುಪು ರೋಲ್. ತೊಳೆಯದ ಫಿಲ್ಮಿಗೆ ಬೆಳಕು ಬಿದ್ದರೆ ಅಲ್ಲಿನ ಚಿತ್ರ ಅಳಿಯುತ್ತದೆ. ಕಾಕಾ ಅದನ್ನು ಕಿಟಕಿಯ ಬಳಿ ಹಿಡಿದು ಮೂರು ಫೋಟೋ ತೆಗೆದಿದ್ದರು.

ನಾನು ಹೇಳಿದ ಮೇಲೆ ಮುಚ್ಚಿ, ಸುತ್ತಿ, ತೊಳೆಯುವ ಲ್ಯಾಬಿಗೆ ಕೊರಿಯರ್ ಮಾಡಿದೆವು. ಸುರುಳಿಯಲ್ಲಿ ಮೊದಲು ತೆಗೆದ ಚಿತ್ರಗಳು ಒಳಪದರದಲ್ಲಿರುತ್ತವೆ, ಕೊನೆಯಲ್ಲಿ ತೆಗೆದವು ಹೊರಪದರದಲ್ಲಿ. ಹೊರಗಿನವೆಲ್ಲ ಬೆಳಕಿಗೆ ಸುಟ್ಟು ನೆಗೆಟಿವ್‌ನಲ್ಲಿ ಕಪ್ಪಾಗಿ ಹೋಗಿದ್ದವು. ಒಳಗಿನ ಏಳು ಮಸುಕಾಗಿ ಉಳಿದವು. ಅವುಗಳಲ್ಲಿ ಒಂದು ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ತೆಗೆದದ್ದು: ಕೊಳ್ಳು ಬಿಟ್ಟ ಚಕ್ಕಡಿಯ ನೆರಳಲ್ಲಿ ನಮ್ಮ ಆಯಿ, ಅಂದರೆ ಅಜ್ಜಿ, ಪಡ್ಡಲಗಿ ತುಂಬುತ್ತಿದ್ದಾಳೆ. ಅಷ್ಟು ಚಿಕ್ಕ ವಯಸ್ಸಿನ ಆಯಿಯ ಫೋಟೋ ನಮ್ಮ ಮನೆಯಲ್ಲಿ ಬೇರೊಂದಿಲ್ಲ. ಉಳಿದ ಚಿತ್ರಗಳಲ್ಲಿ ಏನಿತ್ತೋ ಇನ್ನು ಯಾರಿಗೂ ತಿಳಿಯುವುದಿಲ್ಲ.

ಆದ್ದರಿಂದ ಹೀಗೆ ಮಾಡಿ:

1. ಮೇಲೆ ಎಡಬದಿಯಲ್ಲಿರುವ, ರೋಲ್ ಹಿಂದಕ್ಕೆ ಸುತ್ತುವ ಹಿಡಿಯನ್ನು ಬಾಣದ ಗುರುತಿನ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಬಿಗಿ ಹತ್ತಿದರೆ ಒಳಗೆ ರೋಲ್ ಇದೆ. ಕೆಲವು ಕ್ಯಾಮೆರಾಗಳಲ್ಲಿ ಆ ಹಿಡಿಯನ್ನು ಮೇಲಕ್ಕೆ ಎಳೆದರೆ ಮುಚ್ಚಳ ತೆರೆದುಕೊಳ್ಳುತ್ತದೆ, ಜೋಕೆ.

2. ರೋಲ್ ಇದ್ದರೆ ಕೆಳಭಾಗದ ಸಣ್ಣ ಗುಂಡಿ ಒತ್ತಿ, ಹಿಡಿ ಹಗುರಾಗುವವರೆಗೆ ಸುತ್ತಿ. ಆಮೇಲಷ್ಟೇ ತೆರೆಯಿರಿ. ಸುತ್ತಲು ಬಿಗಿ ಎನಿಸಿದರೆ ಬಲ ಹಾಕಬೇಡಿ, ಊರಿನ ಹಳೆಯ ಸ್ಟುಡಿಯೊದವರಿಗೆ ತೋರಿಸಿ. ರೋಲ್ ಕಾಲದ ಕೆಲಸ ಗೊತ್ತಿರುವವರು ಕತ್ತಲಲ್ಲಿ ತೆಗೆದುಕೊಡಬಲ್ಲರು.

3. ತಪ್ಪಿ ತೆರೆದಿದ್ದರೆ ತಕ್ಷಣ ಮುಚ್ಚಿ. ಎಲ್ಲ ಮುಗಿಯಿತು ಎಂದು ಫಿಲ್ಮ್ ಎಳೆದು ಎಸೆಯಬೇಡಿ. ನಮಗೆ ಏಳು ಚಿತ್ರ ಸಿಕ್ಕಂತೆ ನಿಮಗೂ ಸಿಗಬಹುದು.

ಇವತ್ತು ಬಳಸಬಹುದೇ?

ಖಂಡಿತ. 1947–48ರಲ್ಲಿ ಭಾರತಕ್ಕೆ ಬಂದಿದ್ದ ಫ್ರಾನ್ಸಿನ ಆನ್ರಿ ಕಾರ್ಟಿಯೆ-ಬ್ರೆಸ್ಸೋನ್ ಲೈಕಾ ಹಿಡಿದೇ ಗಾಂಧೀಜಿಯ ಕೊನೆಯ ದಿನಗಳನ್ನೂ ಅಂತ್ಯಯಾತ್ರೆಯನ್ನೂ ದಾಖಲಿಸಿದರು. ಸಣ್ಣ ಗಾತ್ರ, ಸದ್ದು ಕಡಿಮೆ, ಬೇಗ ಫೋಕಸ್: ಇವೇ ಈ ಕ್ಯಾಮೆರಾಗಳ ಗುಣ.

ಎಲೆಕ್ಟ್ರೊ 35ಗೆ ಬ್ಯಾಟರಿ ಬೇಕೇಬೇಕು. ಇಲ್ಲದಿದ್ದರೆ ಶಟರ್ ಒಂದೇ ವೇಗದಲ್ಲಿ ಬಡಿಯುತ್ತದೆ. ಎಷ್ಟೋ ಜನ ಅದನ್ನು ಕೆಟ್ಟಿದೆ ಎಂದು ಗುಜರಿಗೆ ಹಾಕುತ್ತಾರೆ. ಈಗಿನ ಸೆಲ್ ಕೂರಿಸುವ ಅಡಾಪ್ಟರ್ ಸಿಗುತ್ತದೆ. ಝೋರ್ಕಿಯಂಥವು ಬ್ಯಾಟರಿಯೇ ಇಲ್ಲದೆ ನಡೆಯುತ್ತವೆ, ಆದರೆ ಕೀಲಿ ಏರಿಸಿದ ಮೇಲೆಯೇ ಶಟರ್ ವೇಗ ಬದಲಿಸಬೇಕು. ಇವಕ್ಕೆ ಬೆಳಕಿನ ಲೆಕ್ಕ ಹೀಗೆ: ನಿಚ್ಚಳ ಬಿಸಿಲಿದ್ದರೆ ಅಪರ್ಚರ್ 16ಕ್ಕೆ ಇಡಿ, ಶಟರ್ ವೇಗವನ್ನು ಫಿಲ್ಮಿನ ಐಎಸ್‌ಒ ಸಂಖ್ಯೆಗೆ ಹತ್ತಿರ ಇಡಿ. ಐಎಸ್‌ಒ 100 ಫಿಲ್ಮ್ ಆದರೆ ಸೆಕೆಂಡಿನ 125ನೇ ಒಂದು ಭಾಗ. ರಾಮದುರ್ಗದ ಬೇಸಿಗೆ ಬಿಸಿಲಿಗೆ ಇಷ್ಟು ಸಾಕು.

ಎರಡು ಎಚ್ಚರಿಕೆ. ಇದರಲ್ಲಿ ನೀವು ಲೆನ್ಸಿನ ಮೂಲಕ ನೋಡುವುದಿಲ್ಲ, ಹೀಗಾಗಿ ಲೆನ್ಸಿನ ಮುಚ್ಚಳ ತೆಗೆಯುವುದು ಮರೆತರೂ ಕಣ್ಣಿಗೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ರೋಲ್ ಮಾತ್ರ ಖಾಲಿ! ಮತ್ತೆ ಖರ್ಚು. ಒಂದು ರೋಲಿಗೆ ನೂರಾರು ರೂಪಾಯಿ, ಕೆಲವಕ್ಕೆ ಸಾವಿರ ದಾಟುತ್ತದೆ. ತೊಳೆಸುವ ಖರ್ಚು ಬೇರೆ. ಊಟಿಯಲ್ಲಿ ಇಂದು ಹೆಸರಿನ ಫಿಲ್ಮ್ ಮಾಡುತ್ತಿದ್ದ ಸರ್ಕಾರಿ ಕಾರ್ಖಾನೆ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮುಚ್ಚಿದೆ, ಈಗ ಹೊರದೇಶದ ಫಿಲ್ಮೇ ಗತಿ.

ಮೊದಲು ನೆಗೆಟಿವ್ ಉಳಿಸಿ

ಮಲಪ್ರಭೆಗೆ ನವಿಲುತೀರ್ಥದ ಬಳಿ ಅಣೆಕಟ್ಟು ಕಟ್ಟಿದಾಗ ಸವದತ್ತಿ ಕಡೆಯ ಹಳ್ಳಿಗಳು ಮುಳುಗಿದವು. 2019ರ ಆಗಸ್ಟ್‌ನಲ್ಲಿ ಅದೇ ನದಿಯ ಪ್ರವಾಹ ರಾಮದುರ್ಗದ ಮನೆಗಳಿಗೆ ನುಗ್ಗಿತು. ಇಂಥ ಊರುಗಳು ಮೊದಲು ಹೇಗಿದ್ದವು ಎಂಬುದಕ್ಕೆ ಸಾಕ್ಷಿ ಯಾರದೋ ಅಟ್ಟದ ಮೇಲಿನ ನೆಗೆಟಿವ್ ಪಟ್ಟಿಗಳಲ್ಲಿ ಇರಬಹುದು. ಗುಜರಿಯವನಿಗೆ ಅದು ಪ್ಲಾಸ್ಟಿಕ್.

ಉಳಿಸಲು ದೊಡ್ಡ ಯಂತ್ರ ಬೇಡ. ಒಂದು ಫೋನಿನಲ್ಲಿ ಪೂರ್ತಿ ಬಿಳಿ ಪರದೆ ತೆರೆಯಿರಿ. ನೆಗೆಟಿವ್‌ನ ಅಂಚು ಹಿಡಿದು ಪರದೆಗಿಂತ ಎರಡು ಬೆರಳಷ್ಟು ಮೇಲೆ ಇರಿಸಿ, ಇನ್ನೊಂದು ಫೋನಿನಿಂದ ಹತ್ತಿರದ ಫೋಟೋ ತೆಗೆಯಿರಿ. ಎಡಿಟಿಂಗ್ ಆ್ಯಪ್‌ನಲ್ಲಿ ಬಣ್ಣಗಳನ್ನು ತಿರುಗುಮುರುಗು ಮಾಡಿದರೆ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ, ಮುಖಗಳು ಮೂಡುತ್ತವೆ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾರು, ಯಾವ ಊರು, ಯಾವ ವರ್ಷ ಎಂದು ಬರೆದಿಡಿ. ಅವರು ಹೋದ ಮೇಲೆ ಆ ಮುಖಗಳಿಗೆ ಹೆಸರು ಹೇಳುವವರು ಸಿಗುವುದಿಲ್ಲ.

ಹಾಗಾದರೆ ತೀರ್ಮಾನ? "ಎರಡು ಕಿಟಕಿಯ ಕ್ಯಾಮೆರಾಕ್ಕೆ ಕೋಟಿ" ಎಂಬ ಮೆಸೇಜ್ ಸುಳ್ಳು. ಅದು ನಿಮ್ಮ ಗುಂಪಿಗೂ ಬಂದರೆ ಮುಂದೆ ಕಳಿಸಬೇಡಿ, ಅದರ ಕೆಳಗೆ ಈ ಮೂರು ಸಾಲು ಹಾಕಿ:

"ಮೊದಲು ದುಡ್ಡು ಕೇಳಿದರೆ ಮೋಸ. ಹಣ ಹೋಗಿದ್ದರೆ 1930ಕ್ಕೆ ಫೋನ್ ಮಾಡಿ. ಒಳಗೆ ರೋಲ್ ಇದೆಯೇ ನೋಡದೆ ಮುಚ್ಚಳ ತೆರೆಯಬೇಡಿ."

ಕಾಕಾ ಈಗ ಅದನ್ನೇ ಎಲ್ಲರಿಗೂ ಕಳಿಸುತ್ತಿದ್ದಾರೆ, ಆಯಿಯ ಆ ಫೋಟೋ ಜೊತೆಗೆ.